ಚೀನಿ ಹೆಣ್ಣಿನ ಬಡಿಗೆ

ಅಥಣಿಯಿಂದ ಬಾಡಿಗೆಗೆ ತಂದ ವಿಡಿಯೋದಲ್ಲಿ, ಗಂಡೆಂದೇ ಎಲ್ಲರೂ ನಂಬಿದ್ದ ಚೀನಿ ಹೀರೋನ ಬಿದಿರು ಟೋಪಿ ಹಾರಿಬಿತ್ತು. ಉದ್ದನೆಯ ಜಡೆಯೊಂದು ಬೆನ್ನ ಮೇಲೆ ಇಳಿಯಿತು. ಸೀಟಿ ಹೊಡೆಯುತ್ತಿದ್ದ ಐಗಳಿ ಊರಿನ ಗಂಡಸರು ಬಾಯಿಂದ ಬೆರಳು ತೆಗೆದು ಟೀವಿಯತ್ತ ಬಾಗಿದರು.

"ಅಯ್ಯ ಇವನ, ಹೆಣ್ಮಗಳ ಅದಾಳಲೇ," ಎಂದ ಅವರಲ್ಲೊಬ್ಬನಾದ ಅಪ್ಪಾಸಾಬ.

ಆ ಹೆಣ್ಣು ಬಡಿಗೆ ತಿರುವುತ್ತ ಎದುರು ಬಂದವರನ್ನೆಲ್ಲ ಕೆಡವತೊಡಗಿದಳು. ಹಿಂದೆ, ಹೆಂಗಸರ ಸಾಲಿನಲ್ಲಿದ್ದ ಕಾಳವ್ವ ಮಾತ್ರ ಟೀವಿ ಬಿಟ್ಟು ಮುಂದೆ ಕೂತ ಅಪ್ಪ ಕಾಡಸಿದ್ದನ ಪಟಕಾ ಸುತ್ತಿದ ತಲೆಯನ್ನೇ ನೋಡುತ್ತಿದ್ದಳು. ಕಾಡಸಿದ್ದ ಊರ ಗಂಡುಹುಡುಗರಿಗೆಲ್ಲ ಬಡಿಗೆ ತಿರುವುವುದನ್ನು ಕಲಿಸುವ ವಸ್ತಾದ. ಹೆಣ್ಣುಮಕ್ಕಳಿಗೆ ಅವನು ಬಡಿಗೆ ಮುಟ್ಟಗೊಡುತ್ತಿರಲಿಲ್ಲ. ಅವನು ಕುರಿ ಹೊಡೆದುಕೊಂಡು ಹೋದ ಮೇಲೆ ಅವಳು ಹಿತ್ತಲಿನಲ್ಲಿ ಕದ್ದು ಕಲಿಯುತ್ತಿದ್ದಳು. ಈಗ ಅಪ್ಪ ಆ ಚೀನಿ ಹೆಣ್ಣನ್ನು ಬೈದುಬಿಟ್ಟರೆ ತನ್ನ ಆಸೆಯೂ ಇಲ್ಲಿಗೇ ಮುಗಿಯಿತು ಎಂದುಕೊಂಡು ಅವಳು ಅವನ ಮಾತಿಗೆ ಕಿವಿಗೊಟ್ಟು ಕೂತಳು.

"ವಸ್ತಾದರ, ಹೆಂಗಸರೂ ತಿರುವ್ತಾರಲ್ರಿ, ಈಗೇನ ಅಂತೀರಿ?" ಅಪ್ಪಾಸಾಬ ಕೆಣಕಿದ.

ಕಾಡಸಿದ್ದ ಅಂಗೈಯ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ. ಟೀವಿಯಿಂದ ಕಣ್ಣು ತೆಗೆಯದೆ, ಹಿಂದಿನ ಸಾಲಿಗೆ ಕೇಳುವಂತೆ ಕರೆದ: "ಕಾಳವ್ವಾ, ಮುಂದ ಬಾ. ಆಕಿ ಎಡಗೈ ನೋಡು. ನೀ ಹಿತ್ತಲದಾಗ ತಿರುವಬೇಕಾದ್ರ ಅದನ್ನ ಭಾಳ ಸಡ್ಲ ಬಿಡ್ತಿ."