ಬೆಟ್ಟವಿಲ್ಲದ ಗೆರೆ

ಫಾರ್ಮಸಿ ಕಾಲೇಜಿನ ಪ್ರಯೋಗಾಲಯದಲ್ಲಿ ಅವಳು ಪರೀಕ್ಷೆಗೆಂದು ಕೊಟ್ಟ ಹೆಸರಿಲ್ಲದ ಸೀಸೆಯಿಂದ ಔಷಧಿ ಹನಿಸಿದ್ದಾಯಿತು. ಬರೆಯುವ ಮುಳ್ಳು ಮಾತ್ರ ಜಪ್ಪಯ್ಯ ಎಂದರೂ ಏಳಲೊಲ್ಲದು. ಬೆಚ್ಚನೆಯ ದ್ರವದಲ್ಲಿ ದಾರದಿಂದ ಮುಳ್ಳಿಗೆ ಕಟ್ಟಿ ತೂಗುಬಿಟ್ಟ ಕೋಳಿಕರುಳಿನ ತುಂಡು ಔಷಧಿಗೆ ಕುಗ್ಗಿದರೆ ಮುಳ್ಳು ಎದ್ದು ಕಾಗದದ ಮೇಲೆ ಬೆಟ್ಟ ಮೂಡಬೇಕು. ಸಹಪಾಠಿಗಳ ಕಾಗದದ ತುಂಬ ಬೆಟ್ಟಗಳೇ. ಅವಳದರಲ್ಲಿ ಬರೀ ಗೆರೆ.

"ದಾರ ಸ್ವಲ್ಪ ಎಳಿಯೇ, ತಾನೇ ಏಳುತ್ತೆ. ನಾವೆಲ್ಲ ಮಾಡಿದ್ದೂ ಅದನ್ನೇ," ಪಕ್ಕದ ಗೆಳತಿ ಪಿಸುಗುಟ್ಟಿದಳು.

ದಾರದವರೆಗೂ ಹೋದ ಬೆರಳು ಹಿಂದೆ ಬಂತು. ಅವಳು ತುಂಡನ್ನು ತೊಳೆದು, ಕರುಳನ್ನು ಕುಗ್ಗಿಸುತ್ತದೆಂದು ಗೊತ್ತಿರುವ ಔಷಧಿಯ ಒಂದು ಹನಿ ಬಿಟ್ಟಳು. ಮುಳ್ಳು ಚಂಗನೆ ನೆಗೆಯಿತು.

"ಮೇಡಂ, ಕರುಳು ಸರಿಯಾಗೇ ಇದೆ. ಆ ಸೀಸೆಯಲ್ಲೇ ಏನೂ ಇಲ್ಲ," ಎಂದಳು.

ಮೇಡಂ ಅವಳ ಗೆರೆಯನ್ನು ಗೋಡೆಗೆ ಅಂಟಿಸಿ, ಬೆಟ್ಟ ಮೂಡಿಸಿದವರತ್ತ ತಿರುಗಿದರು. "ಎಲ್ಲರಿಗೂ ಕೊಟ್ಟಿದ್ದು ಬರೀ ಉಪ್ಪುನೀರು, ಕಣ್ರಪ್ಪಾ!"