ಮೂವತ್ತೊಂದು ಸಲ ಕರೆದ ಪೀಡೆ

ಬ್ಲಾಕ್ ಮಾಡಿದ ಕರೆಗಳ ಪಟ್ಟಿಯ ತುದಿಯಲ್ಲಿದ್ದ ನಂಬರಿನ ಮೇಲೆ ಸೋದರಮಾವನ ದಪ್ಪ ಹೆಬ್ಬೆರಳು ಗಕ್ಕನೆ ನಿಂತಿತು. “ಯಾರೇ ಈ ಪೀಡೆ? ಎರಡು ದಿನದಲ್ಲಿ ಮೂವತ್ತೊಂದು ಸಲ ಮಾಡಿದಾನಲ್ಲ, ನಾಚ್ಕೆಗೆಟ್ಟೋನು!” ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಹೊಲಿಯುವ ಅವಳು, ಉಗುರಿಗಂಟಿದ ಗೋಂದನ್ನು ಕೆರೆಯುತ್ತಿದ್ದಳು.

ಆ ಕೆಲಸ ಬಿಟ್ಟು ಸೋಮವಾರದಿಂದ ಅವಳು ಮಾವನ ಕಿಟಕಿ ಪರದೆಗಳ ಅಂಗಡಿಯ ಕೌಂಟರಿನಲ್ಲಿ ಕೂರಬೇಕೆಂದು ಅವನೇ ತೀರ್ಮಾನಿಸಿಬಿಟ್ಟಿದ್ದ. ಅವನೆದುರು ಅವಳ ಬಾಯಲ್ಲಿ ‘ಇಲ್ಲ’ ಎಂಬುದು ಹುಟ್ಟಿದ್ದೇ ಇಲ್ಲ. ಫೋನ್ ಯಾಕೆ ಎತ್ತುವುದಿಲ್ಲವೆಂದು ಕೇಳಲು ಬಂದವನಿಗೆ ‘ಬೇಡದ ಕರೆಗಳ ಕಾಟ’ ಎಂದಿದ್ದಳು. ಅಷ್ಟಕ್ಕೇ ಮಹಾಪಂಡಿತ ಫೋನ್ ಕಿತ್ತುಕೊಂಡು ಪಾಠಕ್ಕಿಳಿದಿದ್ದ. “ಗೊತ್ತಿಲ್ಲದ ನಂಬರ್ ಎತ್ಲೇಬಾರ್ದು. ಎತ್ತಿದ್ರೂ ‘ಹೂಂ’ ಅನ್ಬಾರ್ದು. ಸೀದಾ ಬ್ಲಾಕು! ಇವ್ನಿಗೆ ಮಾತ್ರ ಅಷ್ಟು ಸಾಲ್ದು, ಉಗೀಬೇಕು. ನಿಂಗೆಲ್ಲಿ ಬಾಯಿ? ನಾನೇ ಉಗೀತೀನಿ.”

ಅವನು ಆ ನಂಬರನ್ನು ಒತ್ತಿದ. ಒತ್ತಿದ್ದೇ ತಡ, ಅವನದೇ ಅಂಗಿಯ ಜೇಬು ಗುಂಯ್‌ಗುಟ್ಟತೊಡಗಿತು. ಹೋದ ವಾರ ಅಂಗಡಿಗೆಂದು ಕೊಂಡ ಹೊಸ ನಂಬರು. ಊರಿಗೆಲ್ಲ ಬುದ್ಧಿ ಹೇಳುವವನಿಗೆ ತನ್ನ ನಂಬರೇ ಬಾಯಿಗೆ ಬಂದಿರಲಿಲ್ಲ. ತೆಗೆದು ನೋಡಿದರೆ ಫೋನಿನ ಪರದೆಯ ಮೇಲೆ ಅವಳ ಹೆಸರು. “ಏನೇ ಇದು?” ಎಂದ ಮಾವ, ಕೈಗೊಂದು ಫೋನ್ ಹಿಡಿದು.

ಅವಳು ಮೊದಲ ಸಲ ಅವನ ಮುಖವನ್ನೇ ನೋಡಿದಳು. “ಬ್ಲಾಕು, ಮಾವ. ಸೋಮವಾರ ನಾನು ಬರಲ್ಲ. ಉಗೀಬೇಕು ಅಂದ್ರಲ್ಲ, ಎತ್ಕೊಳ್ಳಿ, ಉಗೀರಿ.”