ಚಿಕ್ಕಪ್ಪನ ಮನೆಯಿರುವ ಊರಿನಲ್ಲಿ

ನೀರಿಗೆ ಬಂದವಳು ಊರಿಗೆ ಬಾರದಿರುತ್ತಾಳೆಯೇ? ಗಾದೆ ತಲೆಕೆಳಗಾಗಿದೆ, ಗೊತ್ತು. ಆದರೆ ಬಸವನಗುಡಿಯ ವಾಣಿ ಮೈಸೂರಿಗೆ ಹೊರಟಿದ್ದು ಅಲ್ಲಿನ ವಾಟರ್ ಪಾರ್ಕಿಗೆ. ಊರೊಳಗಿನ ಸಹವಾಸ ಅವಳಿಗೆ ಬೇಡವಾಗಿತ್ತು. ಇದು ನಡೆದ ಕಥೆ. ಉಪ್ಪುಖಾರ ಹಾಕಿಲ್ಲ, ಒಗ್ಗರಣೆ ಮಾತ್ರ ನನ್ನದು.

"ಯಾರಿಗೂ ಹೇಳಿಲ್ಲ ತಾನೇ?" ಮನೆಯಲ್ಲಿ ಬ್ಯಾಗು ತುಂಬುತ್ತ ವಾಣಿ ಮೂರನೆಯ ಸಲ ಕೇಳಿದಳು.

"ಇಲ್ಲ," ಎಂದ ಗಂಡ ವೆಂಕಟಾಚಲ, ಕಿಟಕಿಯ ಕಡೆ ನೋಡುತ್ತ.

ಮುಚ್ಚಿಡಬೇಕಾದದ್ದು ಒಬ್ಬರಿಂದಲೇ: ಮೈಸೂರಿನ ಶ್ರೀನಿವಾಸಯ್ಯ. ವೆಂಕಟಾಚಲನ ಚಿಕ್ಕಪ್ಪ. ಒಂಬತ್ತನೆಯ ವಯಸ್ಸಿನಲ್ಲಿ ಅಪ್ಪನನ್ನು ಕಳೆದುಕೊಂಡವನನ್ನು ಸಾಕಿ ಓದಿಸಿದವರು. ನೆಂಟರ ಮನೆಯಿರುವ ಊರಿನಲ್ಲಿ ಹೋಟೆಲಿಗೆ ಇಳಿಯುವುದೆಂದರೆ ಆ ಮನೆಯ ಮುಖಕ್ಕೆ ಹೊಡೆದಂತೆ. ವೆಂಕಟಾಚಲನ ತಮ್ಮ ವಸಂತ್ ಒಮ್ಮೆ ಅಲ್ಲಿನ ಲಾಡ್ಜಿನಲ್ಲಿ ಇಳಿದಿದ್ದ. ಒಂಬತ್ತು ವರ್ಷವಾಯಿತು, ಚಿಕ್ಕಪ್ಪ ಅವನ ಹೊಸ್ತಿಲು ತುಳಿದಿಲ್ಲ.

ವಾಣಿಗೂ ಅದು ಗೊತ್ತು. ಆದರೆ ಚಿಕ್ಕಪ್ಪನ ಮನೆಯ ರಜೆ ಎಂಥದೆಂದೂ ಗೊತ್ತು. ಅವರು ಹೆಂಡತಿಯಿಲ್ಲದವರು, ಅಲ್ಲಿಗೆ ಹೋದ ಸೊಸೆ ಚಪ್ಪಲಿ ಬಿಟ್ಟು ನೇರ ಒಲೆಯ ಮುಂದೆ. ಅಡುಗೆಯವಳು ಸರಿಯಾಗಿ ಅದೇ ವಾರ ರಜೆ. ಎರಡು ಬಚ್ಚಲಲ್ಲಿ ಒಂದು ಸದಾ ರಿಪೇರಿ. ಬೆಳಗಿನ ನಾಲ್ಕೂವರೆಗೆ ಮನೆ ನಡುಗುವಂತೆ ಸುಪ್ರಭಾತ. ಆಮೇಲೆ ಮಕ್ಕಳು ಸಾಲಾಗಿ ನಿಂತು ಹತ್ತೊಂಬತ್ತರ ಮಗ್ಗಿ ಒಪ್ಪಿಸಬೇಕು. ಹದಿನಾಲ್ಕು ಬೇಸಿಗೆ ಹೀಗೇ ಕಳೆದಿತ್ತು. ಆ ಪಾರ್ಕಿನ ನೀರನ್ನು ವಾಣಿ ಕಂಡದ್ದು ಮಕ್ಕಳ ಒದ್ದೆ ಬಟ್ಟೆ ಹಿಂಡುವಾಗ ಮಾತ್ರ.

ಈ ಸಲ ಎರಡು ರಾತ್ರಿ ಅವಳಿಗೆ ಬೇಕೇ ಬೇಕಿತ್ತು. ಒಂದು ವಾರ ಹುಡುಕಿದ್ದಳು. "ಸ್ವಂತ ಅಡುಗೆಮನೆಯ ಸೌಲಭ್ಯ" ಎಂದು ಬೀಗುತ್ತಿದ್ದ ಹೋಂಸ್ಟೇಯನ್ನು ಮೊದಲು ಹೊಡೆದುಹಾಕಿದಳು. ರೈಲ್ವೆ ಸ್ಟೇಷನ್ ಪಕ್ಕದ ಹೋಟೆಲು ಚಿಕ್ಕಪ್ಪನ ವಾಕಿಂಗ್ ದಾರಿಯಲ್ಲಿತ್ತು, ಅದೂ ಹೋಯಿತು. ಉಳಿದದ್ದು ಪಾರ್ಕಿನ ಗೇಟಿನೆದುರಿನದು. ಬುಕ್ ಆಯಿತು.

ಇನ್ನೊಂದು ಕಾಟ ಮಗ ಆಕರ್ಷನದು. ಡಿಗ್ರಿ ಎರಡನೇ ವರ್ಷ, ಕಂಡವರ ದನಿಯೆಲ್ಲ ಅವನ ಗಂಟಲಲ್ಲಿ. ಗೆಳೆಯರ ಫೋನಿನಿಂದ ಬೆಳಿಗ್ಗೆಯೇ ಎರಡು ಸಲ ಅಮ್ಮನನ್ನು ಬೇಸ್ತು ಬೀಳಿಸಿದ್ದ. ಹೋಟೆಲ್ ಮ್ಯಾನೇಜರನಾಗಿ, "ಮೇಡಂ, ನಿಮ್ಮ ರೂಮಲ್ಲಿ ಮದುವೆ ಪಾರ್ಟಿ ಇಳ್ಕೊಂಡಿದೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ತೀರಾ?" ಎಂದಾಗ ಅವಳು ನಿಜಕ್ಕೂ ಅತ್ತಿದ್ದಳು. ಮೂರನೆಯ ಸಲ ಮೋಸ ಹೋಗಲಾರೆ ಎಂದು ಶಪಥ ಮಾಡಿದ್ದಳು.

ಆಕರ್ಷ ಗಾಂಧಿ ಬಜಾರಿಗೆ ಕಾಫಿಪುಡಿ ತರಲು ಹೋದ. ಹತ್ತು ನಿಮಿಷಕ್ಕೆ ಫೋನ್. ಗೊತ್ತಿಲ್ಲದ ನಂಬರು.

"ವಾಣೀ, ನಾನು ಶ್ರೀನಿವಾಸಯ್ಯ." ಅದೇ ಮೂಗಿನ ದನಿ, ಅದೇ ಕೆಮ್ಮು. "ಮೈಸೂರಿಗೆ ಬರ್ತಿದೀರಂತೆ. ಹೋಟೆಲಂತೆ."

ಒಂದು ಕ್ಷಣ ಅವಳು ನಂಬಿಯೇಬಿಟ್ಟಳು. ಮರುಕ್ಷಣ ತುಟಿ ಓರೆಯಾಯಿತು. ಗಂಡನತ್ತ ಬಾಗಿ, "ನಿಮ್ಮ ಮಗ," ಎಂದು ಪಿಸುಗುಟ್ಟಿದಳು.

"ಹೌದು ಮಾವ, ಹೋಟೆಲೇ. ನಿಮ್ಮನೇಲಿ ಇಳಿಯೋದಂದ್ರೆ ರಜೆ ಹಾಕಿ ಸಜೆಗೆ ಹೋದ ಹಾಗೆ."

"ಏನಂದೆ?"

"ಕೇಳಿಸ್ಲಿಲ್ವಾ? ನಾಲ್ಕೂವರೆಗೆ ಆ ಸುಪ್ರಭಾತ ಹಾಕಿದ್ರೆ ಕಿವಿ ಇನ್ನೇನಾಗುತ್ತೆ. ದೇವರೇ ಎದ್ದು ಓಡ್ತಾನೆ." ಆಟವೆಂದು ಶುರುವಾದ ಮಾತು ನಡುವೆಲ್ಲೋ ಬಿಸಿಯಾಯಿತು. "ಹದಿನಾಲ್ಕು ವರ್ಷ ಆಯ್ತು ಮಾವ. ಒಂದಿನ ನಾನು ಆ ಪಾರ್ಕ್ ನೋಡಿಲ್ಲ. ನಿಮಗೆ ಚಪಾತಿ ಲಟ್ಟಿಸ್ತಾ ನಿಂತಿದ್ದೆ. ಎರಡೇ ರಾತ್ರಿ ಕೇಳ್ತಿದೀನಿ. ಇನ್ಯಾರೋ ಮಾಡಿದ ಕಾಫಿ, ನಾನು ಕೂತ್ಕೊಂಡು ಕುಡೀಬೇಕು. ಅಷ್ಟೂ ತಪ್ಪಾ?"

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

ಬಾಗಿಲು ಸರಿಯಿತು. "ಅಮ್ಮ, ಅಣ್ಣ ಬಂದ," ಎಂದಳು ಹತ್ತು ವರ್ಷದ ಆರಾಧನಾ. ಆಕರ್ಷನ ಒಂದು ಕೈಯಲ್ಲಿ ಕಾಫಿಪುಡಿ, ಇನ್ನೊಂದರಲ್ಲಿ ಅರ್ಧ ತಿಂದ ಕಡಲೆಕಾಯಿ ಪೊಟ್ಟಣ. ಕಿವಿಯಲ್ಲಿ ಫೋನಿಲ್ಲ.

ವಾಣಿ ಫೋನನ್ನೂ ಮಗನನ್ನೂ ನೋಡಿದಳು. ಗಂಡನ ಕಡೆ ತಿರುಗಿದಳು.

"ಒಂದು ಮೆಸೇಜ್ ಹಾಕಿದ್ದೆ," ಎಂದು ವೆಂಕಟಾಚಲ ನೆಲ ನೋಡಿದ. "ಸಾಕಿದೋರು. ಹೇಳ್ದೆ ಹೋಗೋಕೆ ಮನಸ್ಸು ಬರ್ಲಿಲ್ಲ ಕಣೇ."

"ಸ್ಪೀಕರ್ ಹಾಕು," ಎಂದಿತು ಫೋನು. "ವೆಂಕಟನೂ ಕೇಳ್ಲಿ."

ಹಾಕಿದಳು. ವೆಂಕಟಾಚಲ ಒಂಬತ್ತು ವರ್ಷದ ಹುಡುಗನಂತೆ ಕೈಕಟ್ಟಿ ನಿಂತ.

"ಆ ರೂಮು ಕ್ಯಾನ್ಸಲ್ ಮಾಡೋಕೆ ಆಗುತ್ತೇನೋ?"

"ಆಗುತ್ತೆ ಚಿಕ್ಕಪ್ಪ. ಈಗ್ಲೇ ಮಾಡ್ತೀನಿ. ನಿಮ್ಮನೆಗೇ ಬರ್ತೀವಿ."

ವಾಣಿ ಕಣ್ಣು ಮುಚ್ಚಿದಳು. ಎರಡು ರಾತ್ರಿಗಳೂ ಹೋದವು.

"ಕ್ಯಾನ್ಸಲ್ ಮಾಡಿದ್ರೆ ಕಾಲು ಮುರೀತೀನಿ."

ವಾಣಿ ಕಣ್ಣು ತೆರೆದಳು.

"ವಸಂತ ಒಬ್ಬನಿಗೇ ಬುದ್ಧಿ ಇದ್ದಿದ್ದು. ಅವನು ಲಾಡ್ಜಲ್ಲಿ ಇಳಿದ, ಇಬ್ರೂ ಹಾಯಾಗಿದೀವಿ. ನನಗೆ ಒಬ್ಬನೇ ಇರೋದು ಹಿತ ಕಣೋ. ಬೇಸಿಗೇಲಿ ನೆಂಟರ ಕೈಗೆ ಸಿಗಬಾರದು ಅಂತ್ಲೇ ಈ ಬೇರೆ ಸಿಮ್ಮು. ಆದ್ರೆ ಸಾಕಿದ ಮಗನಿಗೆ ಬರಬೇಡ ಅನ್ನೋಕಾಗುತ್ತಾ? ತಾವಾಗೇ ಹೊರಡ್ಲಿ ಅಂತ ಅಡುಗೆಯವಳನ್ನ ಊರಿಗೆ ಕಳಿಸ್ದೆ. ಸರಿಯಾಗಿರೋ ಬಚ್ಚಲಿಗೆ ಬೀಗ ಹಾಕ್ದೆ. ಕಿವಿಗೆ ಹತ್ತಿ ಇಟ್ಕೊಂಡು ಸುಪ್ರಭಾತ ಹಾಕ್ದೆ. ಹತ್ತೊಂಬತ್ತರ ಮಗ್ಗಿ ನನಗೇ ಬರಲ್ಲ ಮಾರಾಯ. ಎರಡನೇ ದಿನ ಗಂಟು ಕಟ್ತೀರಿ ಅಂತ ಹದಿನಾಲ್ಕು ವರ್ಷ ಕಾದೆ. ನೀವೋ ಮರ್ಯಾದಸ್ಥರು, ವಾರ ಪೂರ್ತಿ ಇರ್ತಿದ್ರಿ."

ಮೊದಲು ನಕ್ಕವನು ಆಕರ್ಷ, ಆಮೇಲೆ ಫೋನಿನೊಳಗಿನ ಮುದುಕರು. ಆದರೆ ಎದುರುಮನೆಯವರು ಕಿಟಕಿ ತೆರೆದು ನೋಡುವಷ್ಟು ಜೋರಾಗಿ, ನೆಲದ ಮೇಲೆ ಕುಸಿದು ಕೂತು ನಕ್ಕವಳು ವಾಣಿ.